ಕೊನೆಯ ಸವಾರರು ಬಂದ ಮೇಲೆ

ಗುಂಪಿನಲ್ಲಿ ಸೈಕಲ್ ತುಳಿಯುವವರೆಲ್ಲರೂ ಕಂಡಿರುವ, ಆದರೆ ಅಷ್ಟಾಗಿ ಯಾರೂ ಮಾತನಾಡದ ಒಂದು ಸಂಗತಿ ನನ್ನನ್ನು ಹಲವು ವರ್ಷಗಳಿಂದ ಕಾಡುತ್ತಿದೆ. ಏರು ಮುಗಿದ ಜಾಗದಲ್ಲಿ ಮುಂದಿನವರು ರಸ್ತೆಯ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಿ ನೀರು ಕುಡಿಯುತ್ತಾರೆ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ, ಕಳೆದ ವಾರದ ಸವಾರಿಯ ಮಾತು ತೆಗೆಯುತ್ತಾರೆ. ಹತ್ತು ನಿಮಿಷವಾಗುತ್ತದೆ, ಹದಿನೈದು ನಿಮಿಷವಾಗುತ್ತದೆ. ಕೊನೆಗೆ ಕೆಳಗಿನ ತಿರುವಿನಲ್ಲಿ ಗುಂಪಿನ ಕಡೆಯ ಸವಾರರು ಕಾಣಿಸಿಕೊಳ್ಳುತ್ತಾರೆ. ಮುಖ ಕೆಂಪಾಗಿದೆ, ಭುಜಗಳು ಅಲ್ಲಾಡುತ್ತಿವೆ, ಗೇರು ಇಳಿಸಲು ಇನ್ನೊಂದು ಹಲ್ಲೂ ಉಳಿದಿಲ್ಲ. ಅವರು ಮೇಲೆ ತಲುಪುತ್ತಿದ್ದಂತೆ ಯಾರೋ ಒಬ್ಬರು, "ಬಂದರು, ಬಂದರು, ಇನ್ನು ಹೊರಡೋಣ" ಎನ್ನುತ್ತಾರೆ. ಎಲ್ಲರೂ ಪೆಡಲಿನ ಮೇಲೆ ಕಾಲಿಡುತ್ತಾರೆ. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವರು ಯಾರೋ ಅವರಿಗೆ ಮಾತ್ರ ಒಂದು ನಿಮಿಷದ ವಿಶ್ರಾಂತಿಯೂ ಸಿಗುವುದಿಲ್ಲ.

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ ಎಂಬುದೇ ನನ್ನನ್ನು ಯೋಚನೆಗೆ ಹಚ್ಚಿದ ವಿಷಯ. ನಿಂತವರು ಪ್ರಾಮಾಣಿಕವಾಗಿಯೇ ಕಾದಿರುತ್ತಾರೆ. ಬಿಸಿಲು ಏರುವ ಮುನ್ನ ಎಲ್ಲರೂ ಮನೆ ಸೇರಲಿ ಎಂಬ ಕಾಳಜಿಯೂ ಅವರಲ್ಲಿ ಇರುತ್ತದೆ. ಕೊನೆಯಲ್ಲಿ ಬಂದವರೂ "ನನ್ನಿಂದ ಆಗಲೇ ತಡವಾಗಿದೆ" ಎಂದು ತಾವೇ ಸಂಕೋಚಪಟ್ಟು, ನೀರಿನ ಬಾಟಲಿಗೆ ಕೈ ಹಾಕದೆ ಮುಂದೆ ಸಾಗುತ್ತಾರೆ. ಹೀಗೆ ಎಲ್ಲರ ಒಳ್ಳೆಯತನವೂ ಸೇರಿ ಒಂದು ಅನ್ಯಾಯವನ್ನು ಮಾಡಿಬಿಡುತ್ತದೆ, ಆ ಸವಾರರು ಮುಂದಿನ ತಿಂಗಳು ಬರುವುದನ್ನು ನಿಲ್ಲಿಸುತ್ತಾರೆ, "ಅವರಿಗೆ ಆಸಕ್ತಿ ಕಡಿಮೆಯಾಯಿತೇನೋ" ಎಂದು ನಾವು ಅಂದುಕೊಳ್ಳುತ್ತೇವೆ. ಒಂದು ಸೈಕಲ್ ಕ್ಲಬ್ಬಿನ ಒಗ್ಗಟ್ಟು ಎಂದರೇನು, ಅಲ್ಲಿ ಸಂಬಳವಿಲ್ಲದೆ, ಅಧಿಕಾರವಿಲ್ಲದೆ ಮುಂದಾಳುತನ ವಹಿಸುವವರು ನಿಜವಾಗಿ ಮಾಡುವ ಕೆಲಸವೇನು ಎಂಬ ಪ್ರಶ್ನೆಗಳನ್ನು ನಾನು ಈ ಒಂದು ದೃಶ್ಯದಿಂದಲೇ ಯೋಚಿಸುತ್ತಾ ಬಂದಿದ್ದೇನೆ.

ಮೊದಲ ಏರು

ಕ್ಲಬ್ಬಿಗೆ ಸೇರಿದ ಮೊದಲ ಭಾನುವಾರ ನಾನೇ ಆ ಕಡೆಯ ಸವಾರ. ಸಮತಟ್ಟಾದ ರಸ್ತೆಯಲ್ಲಿ ಹೇಗೋ ಗುಂಪಿನ ಜೊತೆಗಿದ್ದೆ. ಏರು ಶುರುವಾದ ಕೆಲವೇ ನಿಮಿಷಗಳಲ್ಲಿ ಮುಂದಿನವರ ಬೆನ್ನು ದೂರವಾಯಿತು, ಆಮೇಲೆ ಬಣ್ಣದ ಚುಕ್ಕೆಯಾಯಿತು, ಆಮೇಲೆ ಅದೂ ಇಲ್ಲವಾಯಿತು. ಆಗ ನನ್ನ ಹಿಂದೆ ಇನ್ನೊಂದು ಚೈನಿನ ಸದ್ದು ಕೇಳಿಸುತ್ತಿರುವುದು ಗಮನಕ್ಕೆ ಬಂತು. ತಿರುಗಿ ನೋಡಿದರೆ ಕ್ಲಬ್ಬಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಹಿರಿಯ ಸದಸ್ಯೆ. ಬೆಳಿಗ್ಗೆ ಎಲ್ಲರ ಹೆಸರು ಬರೆದುಕೊಂಡವರು, ದಾರಿ ವಿವರಿಸಿದವರು, ಬ್ರೇಕು ಪರೀಕ್ಷಿಸಿಕೊಳ್ಳಲು ಹೇಳಿದವರು ಅವರೇ ಆದ್ದರಿಂದ ಅವರು ಎಲ್ಲರಿಗಿಂತ ಮುಂದೆ ಇರುತ್ತಾರೆಂದು ನಾನು ಎಣಿಸಿದ್ದೆ. "ನೀವು ಮುಂದೆ ಹೋಗಿ ಅಕ್ಕ, ನಾನು ನಿಧಾನವಾಗಿ ಬರುತ್ತೇನೆ" ಎಂದೆ. ಅವರು, "ಇವತ್ತು ನನ್ನ ಜಾಗ ಇದೇ" ಎಂದಷ್ಟೇ ಹೇಳಿದರು. ಸಮಾಧಾನದ ಮಾತು ಹೇಳಲಿಲ್ಲ, ಇನ್ನು ಸ್ವಲ್ಪವೇ ದೂರ ಎಂಬ ಸುಳ್ಳನ್ನೂ ಹೇಳಲಿಲ್ಲ. ಎರಡು ಸೈಕಲ್ ಉದ್ದದ ಅಂತರ ಇಟ್ಟುಕೊಂಡು, ನಾನು ಇಳಿದು ತಳ್ಳಿದಾಗ ತಾವೂ ಇಳಿದು ತಳ್ಳಿಕೊಂಡು ಬಂದರು.

ಅರ್ಧ ಏರಿನಲ್ಲಿ ನನ್ನ ಹಿಂದಿನ ಚಕ್ರದ ಗಾಳಿ ಇಳಿಯಿತು. ಪಂಕ್ಚರ್ ಹಾಕುವುದನ್ನು ಅಷ್ಟು ಹತ್ತಿರದಿಂದ, ಅಷ್ಟು ನಿಧಾನವಾಗಿ ನಾನು ನೋಡಿದ್ದು ಅದೇ ಮೊದಲು. ಅವರು ಮೊದಲು ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಗಾಲಿಗೆ ಇಳಿಸಿ, ಆಮೇಲೆ ಚಕ್ರ ಬಿಚ್ಚಿದರು. ಹಾಗೆ ಮಾಡಿದರೆ ಚಕ್ರ ತೆಗೆಯುವುದೂ ಹಾಕುವುದೂ ಸಲೀಸು. ಲಿವರಿನಿಂದ ಟೈರಿನ ಒಂದು ಅಂಚನ್ನು ಮಾತ್ರ ಮೇಲೆತ್ತಿ ಟ್ಯೂಬು ಹೊರತೆಗೆದರು. ಅದಕ್ಕೆ ನಾಲ್ಕು ಬಾರಿ ಗಾಳಿ ಹೊಡೆದು, ಕೆನ್ನೆಯ ಹತ್ತಿರ ಹಿಡಿದು ತಿರುಗಿಸುತ್ತಾ ಬಂದರು. ಒಂದು ಕಡೆ ನಿಂತರು. ತೂತು ಸಿಕ್ಕಿತ್ತು. ನಾನು ಹೊಸ ಟ್ಯೂಬು ಹಾಕಿಬಿಡುತ್ತಾರೆ ಎಂದುಕೊಂಡೆ. ಆದರೆ ಅವರು ವಾಲ್ವಿನಿಂದ ತೂತಿನವರೆಗಿನ ಅಳತೆಯನ್ನು ಗೇಣಿನಲ್ಲಿ ಹಿಡಿದು, ಅದೇ ಅಳತೆಯನ್ನು ಟೈರಿನ ಮೇಲೆ ಇಟ್ಟು, ಆ ಜಾಗದ ಒಳಗೆ ಬೆರಳ ತುದಿಯನ್ನು ಬಹಳ ಹುಷಾರಾಗಿ ಆಡಿಸಿದರು. ಕೂದಲಿನಷ್ಟು ತೆಳ್ಳಗಿನ ಒಂದು ಉಕ್ಕಿನ ತಂತಿ ಅಲ್ಲಿ ಸಿಕ್ಕಿಕೊಂಡಿತ್ತು. "ಇದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಒಂದು ಕಿಲೋಮೀಟರಿನಲ್ಲಿ ಮತ್ತೆ ಇಲ್ಲೇ ಕೂರಬೇಕು" ಎಂದರು. ಟ್ಯೂಬು ಮಡಚಿಕೊಳ್ಳದಂತೆ ಸ್ವಲ್ಪ ಗಾಳಿ ತುಂಬಿ ಒಳಗೆ ಕೂರಿಸಿದರು, ಟೈರಿನ ಕೊನೆಯ ಬಿಗಿಯಾದ ಭಾಗವನ್ನು ಲಿವರು ಬಳಸದೆ ಎರಡೂ ಹೆಬ್ಬೆರಳಿನಿಂದ ಒತ್ತಿ ರಿಮ್ಮಿನೊಳಕ್ಕೆ ದಾಟಿಸಿದರು, ಎರಡೂ ಬದಿಯಲ್ಲಿ ಟ್ಯೂಬು ಎಲ್ಲಿಯೂ ಇಣುಕುತ್ತಿಲ್ಲವೆಂದು ಚಕ್ರ ತಿರುಗಿಸಿ ನೋಡಿದರು. ಕೊನೆಗೆ ಪಂಪನ್ನು ನನ್ನ ಕೈಗಿತ್ತು, "ಗಾಳಿ ನೀವೇ ಹೊಡೆಯಿರಿ" ಎಂದರು.

ಆ ಕೊನೆಯ ಮಾತಿನ ತೂಕ ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು. ಗಾಳಿಯನ್ನೂ ಅವರೇ ತುಂಬಿದ್ದರೆ ನಾನು ಉಪಕಾರ ಪಡೆದವನಾಗಿ ಉಳಿಯುತ್ತಿದ್ದೆ. ಪಂಪು ನನ್ನ ಕೈಗೆ ಬಂದದ್ದರಿಂದ ಆ ಪಂಕ್ಚರ್ ನಾವಿಬ್ಬರೂ ಸೇರಿ ಹಾಕಿದ್ದಾಯಿತು. ನಾವು ಮೇಲೆ ತಲುಪಿದಾಗ ಗುಂಪು ನಿಂತಿತ್ತು, ಮತ್ತು ನಾನು ಮೇಲೆ ಹೇಳಿದಂತೆಯೇ ಒಬ್ಬರು "ಹೊರಡೋಣ" ಎಂದರು. ಅಕ್ಕ ಉತ್ತರಿಸಲಿಲ್ಲ. ಸೈಕಲನ್ನು ಮೈಲುಗಲ್ಲಿಗೆ ಒರಗಿಸಿ, ತಮ್ಮ ಬಾಟಲಿ ತೆಗೆದು, ನೆಲದ ಮೇಲೆ ಕೂತುಬಿಟ್ಟರು. ಅವರು ಕೂತ ಮೇಲೆ ಹೊರಡಲು ಯಾರಿಗೂ ಮನಸ್ಸು ಬರಲಿಲ್ಲ. ನಾನೂ ಕೂತೆ.

ಗಾಳಿಯ ಲೆಕ್ಕ

ಗುಂಪು ಏರಿನಲ್ಲಿಯೇ ಏಕೆ ಒಡೆಯುತ್ತದೆ ಎಂಬುದಕ್ಕೆ ಕಾರಣ ಜನರ ಸ್ವಭಾವದಲ್ಲಿಲ್ಲ, ಗಾಳಿಯಲ್ಲಿದೆ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರರ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವೇಗವನ್ನು ಇಮ್ಮಡಿಗೊಳಿಸಬೇಕಾದರೆ ಗಾಳಿಯ ಪಾಲಿಗೆ ಎಂಟು ಪಟ್ಟು ಶಕ್ತಿ ಹಾಕಬೇಕು. ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಹತ್ತಿರವಾಗಿ ಸಾಗಿದರೆ ಶ್ರಮದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಉಳಿಯುತ್ತದೆ. ಹಿಂದೆ ಒಬ್ಬರು ಬರುತ್ತಿದ್ದರೆ ಮುಂದಿನವರ ಬೆನ್ನ ಹಿಂದೆ ಉಂಟಾಗುವ ಗಾಳಿಯ ಸೆಳೆತವೂ ಸ್ವಲ್ಪ ತಗ್ಗುವುದರಿಂದ, ಮುಂದೆ ಇರುವವರಿಗೂ ಅತ್ಯಲ್ಪ ಅನುಕೂಲ ಉಂಟು ಎಂಬುದು ನನಗೆ ತುಂಬಾ ಇಷ್ಟವಾದ ಸತ್ಯ. ಆದ್ದರಿಂದ ಸಮತಟ್ಟಿನಲ್ಲಿ ಒಟ್ಟಿಗಿರುವುದು ಎಲ್ಲರಿಗೂ ಲಾಭ. ಅಲ್ಲಿ ಒಗ್ಗಟ್ಟಿಗೆ ಯಾರೂ ಶ್ರಮಪಡಬೇಕಾಗಿಲ್ಲ.

ಏರಿನಲ್ಲಿ ವೇಗ ಕುಸಿಯುತ್ತದೆ, ಗಾಳಿಯ ಮಾತು ಮುಗಿಯುತ್ತದೆ, ಉಳಿಯುವುದು ಮೈಭಾರ ಮತ್ತು ಕಾಲಿನ ಬಲ ಮಾತ್ರ. ಯಾರ ಬೆನ್ನ ಹಿಂದೆ ಅಡಗಿದರೂ ಪ್ರಯೋಜನವಿಲ್ಲ. ನಿಧಾನಗತಿಯವರ ಜೊತೆಗಿರಲು ಗಟ್ಟಿಗರಿಗೆ ಅಲ್ಲಿ ಯಾವ ಲಾಭವೂ ಇಲ್ಲ, ಇದ್ದರೆ ಅದು ಅವರ ಇಚ್ಛೆಯಿಂದ ಮಾತ್ರ. ಹಾಗಾಗಿ ಒಂದು ಕ್ಲಬ್ಬಿನ ಒಗ್ಗಟ್ಟನ್ನು ಅಳೆಯಬೇಕಾದರೆ ಸಮತಟ್ಟಿನಲ್ಲಿ ಸಾಲಾಗಿ ಹೋಗುವ ಚೆಂದದ ಚಿತ್ರವನ್ನು ನೋಡಬಾರದು ಎಂದು ನಾನು ನಂಬಿದ್ದೇನೆ.

ಸಮತಟ್ಟಿನಲ್ಲಿಯೂ ಒಂದು ಗುಟ್ಟಿದೆ. ಸಾಲಿನ ಮುಂದಿನವರು ತಿರುವಿನಲ್ಲಿ ಒಂದಿಷ್ಟು ಬ್ರೇಕು ಹಿಡಿದು, ತಿರುವು ದಾಟಿದೊಡನೆ ವೇಗ ಹೆಚ್ಚಿಸಿದರೆ, ಆ ಏರಿಳಿತ ಸಾಲಿನುದ್ದಕ್ಕೂ ಹಿಂದಕ್ಕೆ ಸಾಗುತ್ತಾ ದೊಡ್ಡದಾಗುತ್ತಾ ಹೋಗುತ್ತದೆ. ಹಾರ್ಮೋನಿಯಂ ತಿದಿಯಂತೆ ಸಾಲು ಕುಗ್ಗುತ್ತದೆ, ಹಿಗ್ಗುತ್ತದೆ. ಮುಂದಿನವರು ಸ್ವಲ್ಪ ನಿಧಾನಿಸಿದ್ದಕ್ಕೆ ಹನ್ನೆರಡನೆಯವರು ಹೆಚ್ಚು ಕಡಿಮೆ ನಿಂತೇಬಿಡುತ್ತಾರೆ, ಮತ್ತೆ ಗುಂಪನ್ನು ಹಿಡಿಯಲು ಎದ್ದುನಿಂತು ತುಳಿಯಬೇಕಾಗುತ್ತದೆ. ಹೊಸಬರು ಹಿಂದೆ ಉಳಿಯುತ್ತಾರೆ, ಹಿಂದೆ ಇರುವುದರಿಂದಲೇ ಹೆಚ್ಚು ದಣಿಯುತ್ತಾರೆ, ದಣಿದು ಇನ್ನೂ ಹಿಂದೆ ಬೀಳುತ್ತಾರೆ. ಮುಂದೆ ಇರುವವರಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಸೈಕಲ್ ಮೇಲೆ ಕುಳಿತವರ ಕಣ್ಣು ಮುಂದಿರುತ್ತದೆ. ಹಿಂದೆ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಯಾರಾದರೂ ಹಿಂದೆಯೇ ಇರಬೇಕು. ಕಡೆಯಲ್ಲಿ ಬರುವ ಆ ಜವಾಬ್ದಾರಿಯ ಸವಾರರನ್ನು ಈಗ ಕ್ಲಬ್ಬುಗಳಲ್ಲಿ ಸ್ವೀಪ್ ಎನ್ನುತ್ತಾರೆ. ಬಿಟ್ಟುಹೋದವರನ್ನು ಗುಡಿಸಿಕೊಂಡು ಬರುವವರು ಎಂಬ ಆ ಅರ್ಥ ನನಗೆ ಅಷ್ಟು ಹಿಡಿಸುವುದಿಲ್ಲ. ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಒಟ್ಟಾರೆ ಕೊನೆಯ ಸ್ಥಾನದಲ್ಲಿರುವ ಸವಾರರನ್ನು ಕೆಂಪು ಲಾಂದ್ರ ಎಂದು ಕರೆಯುವ ರೂಢಿಯಿದೆ. ರೈಲಿನ ಕೊನೆಯ ಬೋಗಿಯ ಹಿಂದೆ ತೂಗುತ್ತಿದ್ದ ಕೆಂಪು ದೀಪದಿಂದ ಬಂದ ಹೆಸರು ಅದು. ಆ ದೀಪ ಕಂಡರೆ, ಯಾವ ಬೋಗಿಯೂ ಕಳಚಿಕೊಳ್ಳದೆ ಇಡೀ ರೈಲು ದಾಟಿತು ಎಂದು ಅರ್ಥ. ಅಕ್ಕ ಮಾಡುತ್ತಿದ್ದ ಕೆಲಸಕ್ಕೆ ಈ ಹೆಸರು ಹೆಚ್ಚು ಒಪ್ಪುತ್ತದೆ.

ಕಹಳೆಯ ಕಾಲದಿಂದ

ಈ ಕೆಲಸ ಸೈಕಲ್ ಕ್ಲಬ್ಬುಗಳಷ್ಟೇ ಹಳೆಯದು. ದೊಡ್ಡ ಮುಂಚಕ್ರದ ಸೈಕಲ್ಲುಗಳ ಕಾಲದಲ್ಲಿ, ಅಂದರೆ ಇಂದಿನ ಸೈಕಲ್ಲಿಗೆ ಮಾದರಿಯಾದ 1885ರ ರೋವರ್ ಸೈಕಲ್ಲೂ 1888ರಲ್ಲಿ ಡನ್‌ಲಪ್ ರೂಪಿಸಿದ ಗಾಳಿ ತುಂಬಿದ ಟೈರೂ ಬರುವ ಮೊದಲೇ, ಕ್ಲಬ್ಬುಗಳಲ್ಲಿ ಕ್ಯಾಪ್ಟನ್, ಉಪಕ್ಯಾಪ್ಟನ್ ಎಂಬ ಹುದ್ದೆಗಳಿದ್ದವು. ಸವಾರರಿಗೆ ಇಳಿಯಲು, ಏರಲು, ನಿಲ್ಲಲು ಕಹಳೆ ಊದಿ ಸೂಚನೆ ಕೊಡುವ ಸದಸ್ಯರೂ ಇರುತ್ತಿದ್ದರು. ಇಂಗ್ಲೆಂಡಿನ ಹ್ಯಾರೊಗೇಟ್‌ನಲ್ಲಿ 1878ರಲ್ಲಿ ಹುಟ್ಟಿ, 1883ರಲ್ಲಿ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ ಊರೂರಿನಲ್ಲಿ ಕಾನ್ಸಲ್ ಎಂಬ ಪ್ರತಿನಿಧಿಗಳನ್ನು ನೇಮಿಸಿತು. ರಾಜತಾಂತ್ರಿಕ ಅಧಿಕಾರಿಗಳಿಗೆ ಸಲ್ಲುವ ಹೆಸರು ಅದು, ಆದರೆ ಮಾಡಬೇಕಾದ ಕೆಲಸ ಬಹಳ ಸರಳ: ಪರಸ್ಥಳದಿಂದ ಬಂದ ಸವಾರರಿಗೆ ಯಾವ ದಾರಿ ಚೆನ್ನಾಗಿದೆ, ಎಲ್ಲಿ ತಂಗಬಹುದು, ಎಲ್ಲಿ ರಿಪೇರಿಯಾಗುತ್ತದೆ ಎಂದು ತಿಳಿಸುವುದು. ಕಡಿದಾದ ಇಳಿಜಾರುಗಳ ನೆತ್ತಿಯ ಮೇಲೆ ಎಚ್ಚರಿಕೆಯ ಫಲಕ ನೆಟ್ಟವರಲ್ಲಿಯೂ ಅಂದಿನ ಸೈಕಲ್ ಸಂಘಗಳೇ ಮೊದಲಿಗರು. ಆ ಫಲಕಗಳ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಅದನ್ನು ನೆಟ್ಟವರಿಗೆ ಆ ಇಳಿಜಾರು ಆಗಲೇ ಗೊತ್ತಿತ್ತು. ಮುಂದೆಂದೋ ಬರಲಿರುವ, ತಾವು ಎಂದೂ ಕಾಣದ ಯಾರೋ ಒಬ್ಬರಿಗಾಗಿ ಅವರು ಗುಂಡಿ ತೋಡಿದ್ದರು.

ಒಟ್ಟಿಗೆ ಸಾಗುವುದು ಎಂದರೇನು ಎಂಬ ಬಗ್ಗೆ ದೂರಸವಾರರ ಲೋಕದಲ್ಲಿ ಎರಡು ಅಭಿಪ್ರಾಯಗಳಿವೆ. 1897ರ ಜೂನ್‌ನಲ್ಲಿ ಇಟಲಿಯ ಹನ್ನೆರಡು ಸವಾರರು ರೋಮ್‌ನಿಂದ ನೇಪಲ್ಸ್‌ಗೆ, 230 ಕಿಲೋಮೀಟರ್ ದೂರವನ್ನು ಹಗಲಿನ ಬೆಳಕಿನಲ್ಲಿಯೇ ಮುಗಿಸಲು ಹೊರಟರು. ಆ ಸಾಹಸದಿಂದ ಇಂತಹ ಸವಾರಿಗಳಿಗೆ ಆಡಾಕ್ಸ್, ಅಂದರೆ ಲ್ಯಾಟಿನ್ ಭಾಷೆಯಲ್ಲಿ ಧೈರ್ಯಶಾಲಿ, ಎಂಬ ಹೆಸರು ಬಂತು, 1904ರಲ್ಲಿ ಅದು ಫ್ರಾನ್ಸ್‌ಗೆ ಹಬ್ಬಿತು. ಆ ಮೂಲ ಪದ್ಧತಿಯಲ್ಲಿ ಗುಂಪಿಗೆ ಕ್ಯಾಪ್ಟನ್ ಇರುತ್ತಾರೆ. ರಸ್ತೆಯಲ್ಲಿ ಸರಾಸರಿ ವೇಗ ಗಂಟೆಗೆ 22.5 ಕಿಲೋಮೀಟರ್ ಎಂಬುದು ಅದರ ಪ್ರಸಿದ್ಧ ಅಳತೆ. ಕ್ಯಾಪ್ಟನ್ನರನ್ನು ಯಾರೂ ದಾಟುವಂತಿಲ್ಲ, ಇಡೀ ಗುಂಪು ಒಂದೇ ದೇಹದಂತೆ ಹೊರಟು ಒಂದೇ ದೇಹದಂತೆ ತಲುಪುತ್ತದೆ. ಇನ್ನೊಂದು, 1921ರ ನಂತರ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಬೆಳೆಸಿದ, ಇಂದು ಜಗತ್ತಿನಾದ್ಯಂತ ಹರಡಿರುವ ಪದ್ಧತಿ. ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಸಾಗುತ್ತಾರೆ, ಗಡುವಿನೊಳಗೆ ಮುಗಿಸಿದರೆ ಸಾಕು: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಮೊದಲು ಮುಗಿಸಿದವರಿಗೂ ಗಡುವಿನ ಕೊನೆಯ ನಿಮಿಷದಲ್ಲಿ ಮುಗಿಸಿದವರಿಗೂ ಸಿಗುವ ಮನ್ನಣೆ ಒಂದೇ, ಬಹುಮಾನವಿಲ್ಲ, ಸ್ಥಾನವಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಇವೆರಡರಲ್ಲಿ ಯಾವುದು ಸರಿ ಎಂಬ ಚರ್ಚೆ ಆಗಾಗ ಬಿಸಿಯೇರುತ್ತದೆ. ನಾನು ಮೊದಲನೆಯದರ ಪಕ್ಷದಲ್ಲಿದ್ದೆ. ಈಗ ಅಷ್ಟು ಖಚಿತವಾಗಿಲ್ಲ, ಏಕೆಂದರೆ ಎರಡನೆಯ ಪದ್ಧತಿಯಲ್ಲಿಯೂ ಒಬ್ಬರು ಮಾತ್ರ ತಮ್ಮ ವೇಗದಲ್ಲಿ ಹೋಗುವುದಿಲ್ಲ. ತಪಾಸಣೆಯ ಜಾಗದಲ್ಲಿ ಮೊಹರು ಹಿಡಿದು ಕುಳಿತ ಸ್ವಯಂಸೇವಕರು ಅವರು. ಮೊದಲ ಸವಾರರು ಬರುವ ಮುನ್ನವೇ ಅವರು ಅಲ್ಲಿರಬೇಕು, ಆ ಜಾಗದ ಗಡುವು ಮುಗಿಯುವ ತನಕವೂ ಅಲ್ಲಿರಬೇಕು. ದೀರ್ಘ ಸವಾರಿಗಳಲ್ಲಿ ಇದು ರಾತ್ರಿಯಿಡೀ ಆಗಬಹುದು. ಒಮ್ಮೆ ಬೆಳಗಿನ ಮೂರು ಗಂಟೆಗೆ ಅಂತಹ ಒಂದು ಜಾಗದಲ್ಲಿ ನಾನು ಕುಳಿತಿದ್ದೆ. ಪಟ್ಟಿಯಲ್ಲಿ ಒಂದೇ ಹೆಸರು ಬಾಕಿ. ಗಡುವಿಗೆ ಇಪ್ಪತ್ತು ನಿಮಿಷ ಇರುವಾಗ ಕತ್ತಲಲ್ಲಿ ಒಂದು ದೀಪ ಕಾಣಿಸಿತು. ಆ ದೀಪ ಎಷ್ಟು ನಿಧಾನವಾಗಿ ದೊಡ್ಡದಾಯಿತು ಎಂಬುದನ್ನು ನಾನು ಮರೆಯಲಾರೆ.

ಹುಲ್ಲುಕಡ್ಡಿ ಮತ್ತು ತಲೆಹೊರೆ

ಅಕ್ಕ ಒಂಬತ್ತು ವರ್ಷ ಕ್ಲಬ್ಬು ನಡೆಸಿದರು. ನಡೆಸಿದರು ಎಂಬ ಒಂದು ಮಾತಿನಲ್ಲಿ ಎಷ್ಟೊಂದು ಕೆಲಸಗಳು ಅಡಗಿದ್ದವು ಎಂಬುದು ಅವರು ನಿಲ್ಲಿಸಿದ ಮೇಲೆಯೇ ನಮಗೆ ತಿಳಿದದ್ದು. ಶನಿವಾರ ಸಂಜೆ ವಾಟ್ಸಾಪ್ ಗುಂಪಿನಲ್ಲಿ ದಾರಿ ಮತ್ತು ಸಮಯ ತಿಳಿಸುವುದು, ರಸ್ತೆ ಅಗೆದಿದ್ದರೆ ಮೊದಲೇ ಹೋಗಿ ನೋಡಿ ಬರುವುದು, ಬಂದವರ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ ಬರೆದುಕೊಳ್ಳುವುದು, ಪಂಪು, ಪ್ಯಾಚು, ಸೊಲ್ಯೂಷನ್ ಟ್ಯೂಬು, ಗಾಯಕ್ಕೆ ಕಟ್ಟುವ ಬಟ್ಟೆ ಇರುವ ಚೀಲ ಹೊರುವುದು, ಬಾರದವರಿಗೆ ಫೋನು ಮಾಡುವುದು, ಇಬ್ಬರ ನಡುವೆ ಮಾತು ಮುರಿದಿದ್ದರೆ ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಸೈಕಲ್ ತುಳಿಯುತ್ತಾ ಮಾತನಾಡುವುದು. ಒಂದೊಂದೂ ಸಣ್ಣ ಕೆಲಸ. ಹತ್ತು ಜನರ ಹುಲ್ಲುಕಡ್ಡಿ ಒಬ್ಬರ ತಲೆಹೊರೆ ಎಂಬ ಗಾದೆಯನ್ನು ನಾವು ಹುಲ್ಲುಕಡ್ಡಿಯ ಕಡೆಯಿಂದ ಮಾತ್ರ ಓದಿಕೊಂಡಿದ್ದೆವು. ಆ ಹೊರೆ ಆಗಲೇ ಒಂದು ತಲೆಯ ಮೇಲಿದೆ ಎಂಬುದನ್ನು ನೋಡಿರಲಿಲ್ಲ.

ನಾವು ಕೃತಘ್ನರಾಗಿರಲಿಲ್ಲ. ಪ್ರತಿ ಸವಾರಿಯ ನಂತರವೂ ಧನ್ಯವಾದ ಹೇಳುತ್ತಿದ್ದೆವು. ಈಗ ಯೋಚಿಸಿದರೆ ಆ ಧನ್ಯವಾದವೂ ಒಂದು ತೊಡಕಾಗಿತ್ತು ಎನಿಸುತ್ತದೆ. ಅದನ್ನು ಹೇಳಿದೊಡನೆ ನಮ್ಮ ಪಾಲಿನ ಋಣ ತೀರಿತು ಎಂಬ ನೆಮ್ಮದಿ ನಮಗೆ ಬರುತ್ತಿತ್ತು, ಮುಂದಿನ ವಾರವೂ ಅವರೇ ಮಾಡುತ್ತಾರೆ ಎಂಬ ಭರವಸೆಯೂ ಅದರ ಜೊತೆಯೇ ಬರುತ್ತಿತ್ತು. ಅವರು ಕೆಲವು ಬಾರಿ "ಯಾರಾದರೂ ಮುಂದಿನ ವಾರದ ಸವಾರಿ ನೋಡಿಕೊಳ್ಳುತ್ತೀರಾ?" ಎಂದು ಕೇಳಿದ್ದರು. ಯಾರಾದರೂ ಎಂದು ಕೇಳಿದಾಗ ಉತ್ತರಿಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ಇನ್ನೊಬ್ಬರು ನನಗಿಂತ ಚೆನ್ನಾಗಿ ಮಾಡಬಲ್ಲರು ಎಂದು ಪ್ರತಿಯೊಬ್ಬರೂ ವಿನಯದಿಂದ ಸುಮ್ಮನಿರುತ್ತಾರೆ. ಆ ಮೌನವನ್ನು ಅವರು ಎಷ್ಟು ಸಲ ಸಹಿಸಿದರೋ ನನಗೆ ಗೊತ್ತಿಲ್ಲ. ನಾನಂತೂ ಕನಿಷ್ಠ ಮೂರು ಸಲ ಆ ಮೌನದಲ್ಲಿ ಪಾಲುದಾರನಾಗಿದ್ದೆ, ಅದನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂತು. ಮೊದಲ ಭಾನುವಾರ ನಾವು ಎಂದಿನ ಜಾಗಕ್ಕೆ ಬಂದೆವು. ಹದಿನೆಂಟು ಜನ ಇದ್ದಿರಬೇಕು. ಯಾವ ದಾರಿ ಎಂದು ನಿರ್ಧರಿಸಲು ಅರ್ಧ ಗಂಟೆ ಹಿಡಿಯಿತು. ಹೊರಟ ಮೇಲೆ ಗುಂಪು ಎರಡಾಯಿತು, ಮೂರಾಯಿತು. ಒಬ್ಬ ಹುಡುಗ ತಪ್ಪು ತಿರುವು ಹಿಡಿದು ಬಹಳ ದೂರ ಹೋಗಿಬಿಟ್ಟ. ಅವನು ಜೊತೆಗಿಲ್ಲ ಎಂಬುದು ಎಲ್ಲರೂ ಹಿಂದಿರುಗಿದ ಮೇಲೆ, ಅವನ ಮನೆಯಿಂದ ಫೋನು ಬಂದಾಗ ತಿಳಿಯಿತು. ಅವನಿಗೆ ಏನೂ ಆಗಿರಲಿಲ್ಲ, ಪಂಕ್ಚರ್ ಆಗಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಬೆಳಿಗ್ಗೆ ಯಾರೂ ಹೆಸರು ಬರೆದುಕೊಂಡಿರಲಿಲ್ಲ, ಚೀಲ ಯಾರ ಬಳಿಯೂ ಇರಲಿಲ್ಲ, ಕೊನೆಯಲ್ಲಿ ಯಾರೂ ಇರಲಿಲ್ಲ. ಎರಡನೆಯ ಭಾನುವಾರ ಹನ್ನೊಂದು ಜನ ಬಂದರು. ಮೂರನೆಯ ಭಾನುವಾರ ಐದು ಜನ.

ನಾನು ಅಕ್ಕನನ್ನು ನೋಡಲು ಹೋದೆ. ಅವರು ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿ, ಬೇಗ ಗುಣವಾಗಿ ಬನ್ನಿ, ನೀವಿಲ್ಲದೆ ಕ್ಲಬ್ಬು ನಡೆಯುವುದಿಲ್ಲ ಎಂದೆ. ಪ್ರಶಂಸೆಯೆಂದೇ ಆ ಮಾತು ಆಡಿದ್ದೆ. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಒಂಬತ್ತು ವರ್ಷದಲ್ಲಿ ಒಂದು ಕೆಲಸ ಮಾಡಲೇ ಇಲ್ಲ" ಎಂದರು. ಆಮೇಲೆ ಪಕ್ಕದ ಮೇಜಿನಿಂದ ತಮ್ಮ ನೋಟ್‌ಬುಕ್ ತರಿಸಿಕೊಂಡರು. ಮಳೆಗೆ ನೆನೆದು ಒಣಗಿ ಉಬ್ಬಿದ ಹಾಳೆಗಳು, ಮೂಲೆಗಳಲ್ಲಿ ಚೈನಿನ ಎಣ್ಣೆಯ ಬೆರಳಚ್ಚು. ಒಂದೊಂದು ಭಾನುವಾರಕ್ಕೂ ಒಂದು ಪುಟ. ಹೆಸರುಗಳ ಪಟ್ಟಿ, ಅದರ ಮುಂದೆ ಸಣ್ಣ ಟಿಪ್ಪಣಿಗಳು. ನನ್ನ ಮೊದಲ ಭಾನುವಾರದ ಪುಟ ಹುಡುಕಿದೆ. ನನ್ನ ಹೆಸರಿನ ಮುಂದೆ, "ಸೀಟು ತಗ್ಗಿದೆ, ಮುಂದಿನ ವಾರ ಏರಿಸಬೇಕು" ಎಂದಿತ್ತು. ಮುಂದಿನ ವಾರ ಅವರು ಸೀಟು ಏರಿಸಿಕೊಟ್ಟಿದ್ದು ನನಗೆ ನೆನಪಿತ್ತು. ಆಗ ಅದು ಅವರ ಕಣ್ಣಿಗೆ ಅಕಸ್ಮಾತ್ತಾಗಿ ಬಿದ್ದದ್ದು ಎಂದುಕೊಂಡಿದ್ದೆ.

ಆ ದಿನ ಅವರು ಹೇಳಿದ ಉಪಾಯ ಇಷ್ಟೇ: ಯಾರಾದರೂ ಎಂದು ಕೇಳಬೇಡಿ, ಹೆಸರು ಹಿಡಿದು ಕೇಳಿ, ಇಡೀ ಕ್ಲಬ್ಬನ್ನು ಕೊಡಬೇಡಿ, ಒಂದು ಕೆಲಸ ಕೊಡಿ, ಅದನ್ನೂ ಯಾವಾಗ ವಾಪಸು ಪಡೆಯುತ್ತೀರಿ ಎಂದು ಮೊದಲೇ ಹೇಳಿ. ಚೀಲವನ್ನು ಒಂದು ತಿಂಗಳು ಹೊರಲು ಒಬ್ಬರನ್ನು ಕೇಳಿದೆ, ಒಪ್ಪಿದರು. ನೋಟ್‌ಬುಕ್ಕನ್ನು ನಾಲ್ಕು ವಾರ ಬರೆಯಲು ಇನ್ನೊಬ್ಬರನ್ನು ಕೇಳಿದೆ. ದಾರಿ ತಪ್ಪಿದ್ದ ಆ ಹುಡುಗನನ್ನೇ ತಿರುವುಗಳಲ್ಲಿ ನಿಂತು ಕೈ ತೋರಿಸಲು ಕೇಳಿದೆ. ಅವನಷ್ಟು ಶ್ರದ್ಧೆಯಿಂದ ಆ ಕೆಲಸವನ್ನು ಮಾಡಿದವರನ್ನು ನಾನು ಇದುವರೆಗೆ ಕಂಡಿಲ್ಲ. ಕೊನೆಯ ಜಾಗಕ್ಕೆ ಸರದಿ ಹಾಕಿದೆವು, ಅದರಲ್ಲಿ ನಮ್ಮ ಅತಿ ವೇಗದ ಸವಾರರ ಹೆಸರನ್ನೂ ಸೇರಿಸಿದೆವು. ಅವರಲ್ಲಿ ಒಬ್ಬರು ಮೊದಲ ಸರದಿ ಮುಗಿಸಿ ಬಂದು, "ನಾವು ತಿರುವಿನಲ್ಲಿ ಹಾಗೆ ಬ್ರೇಕು ಹಿಡಿಯಬಾರದು" ಎಂದು ತಾವಾಗಿಯೇ ಹೇಳಿದರು. ಹಿಂದೆ ಕುಳಿತಾಗ ಮಾತ್ರ ಕಾಣುವುದನ್ನು ಅವರು ಕಂಡು ಬಂದಿದ್ದರು.

ಪಟ್ಟಿಯಲ್ಲಿ ಇಲ್ಲದವರು

ಒಗ್ಗಟ್ಟಿನ ಬಗ್ಗೆ ಬರೆಯುವಾಗ ಅದರ ಕತ್ತಲ ಬದಿಯನ್ನು ಬಿಟ್ಟರೆ ಪ್ರಾಮಾಣಿಕವಾಗುವುದಿಲ್ಲ. ಅಮೆರಿಕದಲ್ಲಿ 1880ರಲ್ಲಿ ಸ್ಥಾಪನೆಯಾದ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ ಎಂಬ ಸೈಕಲ್ ಸವಾರರ ಸಂಸ್ಥೆ ಒಳ್ಳೆಯ ರಸ್ತೆಗಳಿಗಾಗಿ ಹೋರಾಡಿ, ಇಡೀ ದೇಶಕ್ಕೆ ಉಪಕಾರವಾಗುವ ಕೆಲಸ ಮಾಡಿತು. ಅದೇ ಸಂಸ್ಥೆ 1894ರಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮ ತಂದಿತು. ಬಾಸ್ಟನ್ನಿನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಕಿಟ್ಟಿ ನಾಕ್ಸ್ ಎಂಬ ಕಪ್ಪುವರ್ಣೀಯ ಯುವತಿ ಅದಕ್ಕೂ ಒಂದು ವರ್ಷ ಮೊದಲೇ, 1893ರಲ್ಲಿ, ಸದಸ್ಯೆಯಾಗಿದ್ದರು. 1895ರಲ್ಲಿ ಆಸ್ಬರಿ ಪಾರ್ಕಿನಲ್ಲಿ ನಡೆದ ಸಮಾವೇಶಕ್ಕೆ ಅವರು ತಮ್ಮ ಸದಸ್ಯತ್ವದ ಚೀಟಿ ಹಿಡಿದು ಹೋದಾಗ ಅವರ ಹಕ್ಕನ್ನೇ ಪ್ರಶ್ನಿಸಲಾಯಿತು. ಸಂಸ್ಥೆ ಆ ನಿಯಮವನ್ನು ಅಧಿಕೃತವಾಗಿ ತಳ್ಳಿಹಾಕಿದ್ದು 1999ರಲ್ಲಿ. ರಸ್ತೆ ಎಲ್ಲರಿಗೂ ಚೆನ್ನಾಗಿರಬೇಕು ಎಂದು ಬೇಡಿದವರೇ, ಆ ರಸ್ತೆಯಲ್ಲಿ ತಮ್ಮ ಜೊತೆ ಯಾರು ಬರಬಹುದು ಎಂಬುದಕ್ಕೆ ಬೇಲಿ ಹಾಕಿದ್ದರು.

ನಮ್ಮ ಕ್ಲಬ್ಬಿನಲ್ಲಿ ಅಂತಹ ನಿಯಮವೇನೂ ಇಲ್ಲ. ಆದರೆ ನಿಯಮವಿಲ್ಲದೆಯೂ ಬಾಗಿಲು ಮುಚ್ಚಿರಬಹುದು ಎಂಬುದನ್ನು ನಾನು ಆ ನೋಟ್‌ಬುಕ್ಕಿನಿಂದ ಕಲಿತೆ. ಅದರ ಪುಟಗಳನ್ನು ತಿರುವುತ್ತಾ ಹೋದಾಗ, ಒಂದೇ ಒಂದು ಭಾನುವಾರ ಕಾಣಿಸಿ ಮತ್ತೆಂದೂ ಬಾರದ ಹೆಸರುಗಳು ಎಷ್ಟೋ ಇದ್ದವು. ಅಕ್ಕ ಅವುಗಳ ಮುಂದೆಯೂ ಕಾರಣ ತಿಳಿದಷ್ಟು ಬರೆದಿದ್ದರು. ಗೇರಿಲ್ಲದ ಸೈಕಲ್ ತಂದಿದ್ದರು. ಸಲ್ವಾರಿನ ಅಂಚು ಚೈನಿಗೆ ಸಿಕ್ಕಿತು, ಯಾರೂ ನಿಲ್ಲಲಿಲ್ಲ. ವಯಸ್ಸು ಕೇಳಿ ಒಬ್ಬರು ನಕ್ಕರು. ಇವರನ್ನೆಲ್ಲ ಯಾರೂ ಹೊರಹಾಕಿರಲಿಲ್ಲ. ಅವರು ಗುಂಪಿನ ಕೊನೆಯಿಂದ ಸದ್ದಿಲ್ಲದೆ ಕಳಚಿಕೊಂಡಿದ್ದರು. ಅವರಲ್ಲಿ ಫೋನ್ ಸಂಖ್ಯೆ ಇದ್ದ ಕೆಲವರಿಗೆ ನಾನು ಕರೆ ಮಾಡಿದೆ. ಇಬ್ಬರು ಹಿಂದಿರುಗಿದರು. ಉಳಿದವರು ಸೌಜನ್ಯದಿಂದ ಮಾತನಾಡಿದರು, ಬರಲಿಲ್ಲ.

ಮೂರು ನಿಮಿಷ

ಈಗ ನಮ್ಮಲ್ಲಿ ಒಂದು ನಿಯಮವಿದೆ. ಕೊನೆಯ ಸವಾರರು ಬಂದು ತಲುಪಿ, ಕಾಲು ನೆಲಕ್ಕಿಟ್ಟ ಮೇಲೆ ಪೂರ್ತಿ ಮೂರು ನಿಮಿಷ ಯಾರೂ ಹೊರಡುವಂತಿಲ್ಲ. ಮುಂದಿನವರು ಎಷ್ಟು ಹೊತ್ತಿನಿಂದ ಕಾದಿದ್ದಾರೆ ಎಂಬುದು ಲೆಕ್ಕಕ್ಕಿಲ್ಲ. ಕಳೆದ ವಾರ ಅದೇ ಹಳೆಯ ಏರಿನಲ್ಲಿ ನಾನು ಮುಂದಿನ ಗುಂಪಿನ ಜೊತೆಗಿದ್ದೆ. ಅಕ್ಕನೂ ಬಂದಿದ್ದರು, ಶಸ್ತ್ರಚಿಕಿತ್ಸೆಯ ನಂತರ ಅವರು ಯಾವ ಜವಾಬ್ದಾರಿಯೂ ಇಲ್ಲದೆ, ಸರದಿಯಲ್ಲಿ ಹೆಸರು ಬಂದಾಗ ಮಾತ್ರ ಕೆಲಸ ಮಾಡುವ ಸಾಮಾನ್ಯ ಸದಸ್ಯೆಯಾಗಿ ಬರುತ್ತಾರೆ. ಏರು ಅವರಿಗೆ ಈಗ ಮೊದಲಿನಷ್ಟು ಸುಲಭವಲ್ಲ. ಅಂದು ತಿರುವಿನಲ್ಲಿ ಎಲ್ಲರಿಗಿಂತ ಕೊನೆಯದಾಗಿ ಕಾಣಿಸಿಕೊಂಡವರು ಅವರೇ. ಎರಡು ಸೈಕಲ್ ಉದ್ದದ ಅಂತರದಲ್ಲಿ, ಒಂದು ಕಾಲದಲ್ಲಿ ದಾರಿ ತಪ್ಪಿದ್ದ ಆ ಹುಡುಗ ಬರುತ್ತಿದ್ದ. ಬೆನ್ನ ಮೇಲೆ ಚೀಲವಿತ್ತು. ಅವರು ಮೇಲೆ ಬಂದರು, ಹುಡುಗ ಸೈಕಲ್ ಹಿಡಿದುಕೊಂಡ, ಅವರು ಅದೇ ಮೈಲುಗಲ್ಲಿನ ಪಕ್ಕ ಕುಳಿತು ಬಾಟಲಿಯ ಮುಚ್ಚಳ ತೆರೆದರು. ಯಾರೋ ಕೈಗಡಿಯಾರ ನೋಡಿಕೊಂಡರು. ಉಳಿದವರು ಮಾತು ಮುಂದುವರಿಸಿದರು.